ತೀರ್ಪಿನೊಳಗೆ ಮಗು ಎಲ್ಲಿದೆ?

ಇಂಗ್ಲಿಷ್ ಮೇಷ್ಟ್ರುಗಳು ಎಷ್ಟು ಸಲ ಹೇಳಿಕೊಟ್ಟರೂ ನಮ್ಮಲ್ಲಿ ಬಹಳ ಜನಕ್ಕೆ ಪೂರ್ತಿ ಹತ್ತದೇ ಹೋದದ್ದು 'ಎ' ಮತ್ತು 'ದಿ'. ಕನ್ನಡದಲ್ಲಿ ಅವು ಇಲ್ಲ, ಬೇಕಾಗೂ ಇಲ್ಲ. ಪರೀಕ್ಷೆಯಲ್ಲಿ ಬಿಟ್ಟರೆ ಅರ್ಧ ಮಾರ್ಕು ಹೋಗ್ತಿತ್ತು, ಅಷ್ಟೇ. ಆದರೆ ವಲಸೆ ಕಾನೂನಿನ ತೀರ್ಪುಗಳನ್ನು ಓದೋಕೆ ಕೂತರೆ ಈ ಪುಟಾಣಿ ಪದಗಳ ಮೇಲೆ ಇಡೀ ಕುಟುಂಬಗಳು ನಿಂತಿರೋದು ಕಾಣುತ್ತೆ.

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 3ನೇ ವಿಧಿ ಏನು ಹೇಳುತ್ತೆ ಅಂದರೆ, ಮಕ್ಕಳಿಗೆ ಸಂಬಂಧಿಸಿದ ಎಲ್ಲ ಕ್ರಮಗಳಲ್ಲಿ ಮಗುವಿನ ಹಿತ 'ಎ ಪ್ರೈಮರಿ ಕನ್ಸಿಡರೇಷನ್' ಆಗಿರಬೇಕು. ಅಂದರೆ ಪ್ರಮುಖವಾದ ಪರಿಗಣನೆಗಳಲ್ಲಿ ಒಂದು. ಅದಕ್ಕೂ 30 ವರ್ಷ ಮೊದಲು, 1959ರ ಮಕ್ಕಳ ಹಕ್ಕುಗಳ ಘೋಷಣೆಯಲ್ಲಿ ಇದ್ದದ್ದು 'ದಿ ಪ್ಯಾರಾಮೌಂಟ್'. ಪರಮ, ಎಲ್ಲಕ್ಕಿಂತ ಮೇಲು. ಘೋಷಣೆ ಬರೀ ಘೋಷಣೆ, ಯಾರನ್ನೂ ಕಟ್ಟಿಹಾಕೋದಿಲ್ಲ, ಹಾಗಾಗಿ ಅಲ್ಲಿ ಧಾರಾಳವಾಗಿ 'ಪರಮ' ಅಂದರು. ದೇಶಗಳು ಸಹಿ ಹಾಕಿ ಬದ್ಧರಾಗಬೇಕಾದ ಒಡಂಬಡಿಕೆ ಬಂದಾಗ ಅದು 'ಒಂದು ಪ್ರಮುಖ' ಆಯ್ತು.

ನಮ್ಮ 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯ 13ನೇ ಕಲಮಿನಲ್ಲಿ ಇರೋದು ಹಳೆಯ 'ಪರಮ'ವೇ. ಬ್ರಿಟನ್ನಿನ ಕೌಟುಂಬಿಕ ಕಾನೂನಿನಲ್ಲೂ ಹಾಗೇ. ಅಲ್ಲಿನ 1989ರ ಮಕ್ಕಳ ಕಾಯ್ದೆಯ ಮೊದಲ ಕಲಮೇ, ಮಗುವನ್ನು ಬೆಳೆಸುವ ಪ್ರಶ್ನೆ ಬಂದಾಗ ಮಗುವಿನ ಕ್ಷೇಮ ಪರಮ ಅನ್ನುತ್ತೆ. ಅಂದರೆ ಒಂದೇ ಊರಿನ ಒಂದೇ ಮಗು. ಅಪ್ಪ ಅಮ್ಮ ಬೇರೆಯಾಗಿ ಕೌಟುಂಬಿಕ ಕೋರ್ಟಿಗೆ ಹೋದರೆ ಅದರ ಕ್ಷೇಮವೇ ಎಲ್ಲಕ್ಕಿಂತ ದೊಡ್ಡದು. ಅದೇ ಅಪ್ಪ ಅಮ್ಮನನ್ನು ದೇಶದಿಂದ ಕಳಿಸಬೇಕೋ ಬೇಡವೋ ಅಂತ ವಲಸೆ ಟ್ರಿಬ್ಯೂನಲ್ಲಿಗೆ ಹೋದರೆ ಅದರ ಹಿತ 'ದೊಡ್ಡದರಲ್ಲಿ ಒಂದು'. ಎರಡನೇ ಕಡೆ ಮಗು ಕಳೆದುಕೊಳ್ಳಬಹುದಾದ್ದು ಮೊದಲನೇದಕ್ಕಿಂತ ಹೆಚ್ಚು: ಶಾಲೆ, ಬೀದಿ, ಗೆಳೆಯರು, ಕೆಲವು ಸಲ ಒಬ್ಬ ಅಪ್ಪ ಅಥವಾ ಅಮ್ಮ.

ವಕೀಲಿ ನನ್ನ ಕಸುಬಲ್ಲ. ತೀರ್ಪುಗಳನ್ನು ಕಥೆ ಓದೋ ಹಾಗೆ ಓದೋದು ಒಂದು ಚಟ, ಅಷ್ಟೇ. ಪಾತ್ರಗಳು ಯಾವಾಗ ಒಳಗೆ ಬರುತ್ತವೆ, ಯಾರಿಗೆ ಎಷ್ಟು ಸಾಲು, ಯಾರು ಮಾತಾಡ್ತಾರೆ, ಯಾರ ಬಗ್ಗೆ ಬರೀ ಮಾತಾಡಲಾಗುತ್ತೆ ಅನ್ನೋದನ್ನು ನೋಡ್ತಾ ಹೋಗ್ತೀನಿ. ಬ್ರಿಟನ್ನಿನ ತೀರ್ಪುಗಳನ್ನೇ ಯಾಕೆ ಹಿಡಿದುಕೊಂಡೆ ಅಂದ್ರೆ ಅಲ್ಲಿನ ನ್ಯಾಯಮೂರ್ತಿಗಳು ಇದನ್ನು ಬಿಡಿಸಿ ಬಿಡಿಸಿ ಬರೆದಿದ್ದಾರೆ. ಜಗಳ ತೆಗೆಯೋಕೂ ಎದುರಿನವರು ಸ್ಪಷ್ಟವಾಗಿ ಮಾತಾಡಿರಬೇಕಲ್ಲ.

ಹಿನ್ನೆಲೆ ಸ್ವಲ್ಪ ಬೇಕು. ಬ್ರಿಟನ್ 1991ರಲ್ಲಿ ಮಕ್ಕಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು, ಆದರೆ ವಲಸೆಯ ವಿಷಯಕ್ಕೆ ಇದು ಅನ್ವಯಿಸದು ಅಂತ ಒಂದು ಷರತ್ತು ಹಾಕಿಕೊಂಡಿತು. ಮನೆಗೆ ಬನ್ನಿ, ಅಡುಗೆಮನೆಗೆ ಮಾತ್ರ ಬರಬೇಡಿ ಅಂದ ಹಾಗೆ. ಆ ಷರತ್ತನ್ನು ವಾಪಸ್ ತಗೊಂಡದ್ದು 2008ರ ನವೆಂಬರ್‌ನಲ್ಲಿ. ಮಾರನೇ ತಿಂಗಳು, ಡಿಸೆಂಬರ್‌ನಲ್ಲಿ, ಇನ್ನೊಂದು ಕೆಲಸ ಮಾಡಿದರು. ಮಗು 7 ವರ್ಷ ಬ್ರಿಟನ್ನಿನಲ್ಲಿ ಇದ್ದರೆ ಆ ಕುಟುಂಬವನ್ನು ಸಾಮಾನ್ಯವಾಗಿ ಹೊರಗೆ ಕಳಿಸಬಾರದು ಅನ್ನುವ ಹಳೆಯ ನೀತಿಯೊಂದಿತ್ತು, ಅದನ್ನು ತೆಗೆದುಹಾಕಿದರು. ಒಂದು ಕೈ ಕೊಟ್ಟಿದ್ದು ಇನ್ನೊಂದು ಕೈಗೆ ಗೊತ್ತಾಗಲಿಲ್ಲವೋ, ಚೆನ್ನಾಗಿ ಗೊತ್ತಿತ್ತೋ. 2009ರಲ್ಲಿ ಒಂದು ಹೊಸ ಕಾಯ್ದೆ ಬಂತು. ಅದರ 55ನೇ ಕಲಮಿನ ಪ್ರಕಾರ, ವಲಸೆಯ ಕೆಲಸ ಮಾಡುವಾಗಲೂ ಗೃಹ ಇಲಾಖೆ ಮಕ್ಕಳ ಕ್ಷೇಮವನ್ನು ಗಮನದಲ್ಲಿಡಬೇಕು.

ಇದಾಗಿ ಒಂದೂಕಾಲು ವರ್ಷಕ್ಕೆ, 2011ರ ಫೆಬ್ರವರಿಯಲ್ಲಿ, ಸುಪ್ರೀಂ ಕೋರ್ಟಿನ ಝಡ್ ಎಚ್ (ಟಾಂಜಾನಿಯಾ) ತೀರ್ಪು. ಬರೆದವರು ಲೇಡಿ ಹೇಲ್. ಮೇಲೆ ಹೇಳಿದ 1989ರ ಮಕ್ಕಳ ಕಾಯ್ದೆಯನ್ನು ರೂಪಿಸುವುದರಲ್ಲಿ, ಕಾನೂನು ಆಯೋಗದಲ್ಲಿದ್ದಾಗ, ದೊಡ್ಡ ಪಾಲು ಅವರದ್ದೇ. ಹಾಗಾಗಿ ಎರಡೂ ಕೋರ್ಟುಗಳ ಮಗುವನ್ನು ಬಲ್ಲವರು.

ಕತೆ ಹೀಗಿದೆ. ಟಾಂಜಾನಿಯಾದ ಹೆಂಗಸು 1995ರಲ್ಲಿ ಬ್ರಿಟನ್ನಿಗೆ ಬಂದಳು. ಮೂರು ಸಲ ಆಶ್ರಯ ಕೇಳಿದಳು, ಎರಡು ಸಲ ಸುಳ್ಳು ಹೆಸರಿನಲ್ಲಿ. ಮೂರೂ ತಿರಸ್ಕೃತ. ಈ ಮಧ್ಯೆ ಒಬ್ಬ ಬ್ರಿಟಿಷ್ ಪ್ರಜೆಯ ಜೊತೆ ಸಂಸಾರ, 1998ರಲ್ಲಿ ಒಂದು ಮಗು, 2001ರಲ್ಲಿ ಇನ್ನೊಂದು. ಅಪ್ಪನಿಂದಾಗಿ ಮಕ್ಕಳು ಹುಟ್ಟಿನಿಂದಲೇ ಬ್ರಿಟಿಷರು. 2005ರಲ್ಲಿ ದಂಪತಿ ಬೇರೆಯಾದರು. ಮಕ್ಕಳು ಅಮ್ಮನ ಬಳಿ, ಅಪ್ಪ ಬಂದು ಹೋಗಿ ಮಾಡುತ್ತಿದ್ದ. ಅವನ ಆರೋಗ್ಯವೂ ಕೆಟ್ಟಿತ್ತು. ಸರ್ಕಾರ ಅಮ್ಮನನ್ನು ಕಳಿಸುತ್ತೇವೆ ಅಂತು. ಸುಪ್ರೀಂ ಕೋರ್ಟಿಗೆ ಬರೋ ಹೊತ್ತಿಗೆ ಮಕ್ಕಳಿಗೆ 12 ಮತ್ತು 9.

ಲೇಡಿ ಹೇಲ್ ಅಮ್ಮನನ್ನು ಒಳ್ಳೆಯವಳಾಗಿ ತೋರಿಸೋಕೆ ಹೋಗಲ್ಲ. ಅವಳ ವಲಸೆ ಚರಿತ್ರೆ ಭಯಂಕರವಾಗಿದೆ ಅಂತ ನೇರವಾಗಿ ಹೇಳುತ್ತಾರೆ. ಇದು ನನಗೆ ಹಿಡಿಸಿತು. ಮಕ್ಕಳ ಪರ ವಾದಿಸುವವರು ಅನೇಕ ಸಲ ಅಪ್ಪ ಅಮ್ಮನನ್ನು ಪುಣ್ಯವಂತರನ್ನಾಗಿ ಮಾಡೋ ಯತ್ನಕ್ಕೆ ಬೀಳ್ತಾರೆ, ಅದರ ಅಗತ್ಯ ಇಲ್ಲ. ಲೇಡಿ ಹೇಲ್ ಮಾಡಿದ್ದು ಓದುವ ಕ್ರಮವನ್ನು ಬದಲಿಸಿದ್ದು. ಮೊದಲು ಮಗುವಿನ ಹಿತ ಯಾವುದು ಅಂತ ಪತ್ತೆ ಮಾಡಿ, ಆಮೇಲೆ ಅದನ್ನು ಮೀರಿಸುವ ಬೇರೆ ಕಾರಣಗಳು ಇವೆಯಾ ನೋಡಿ. ಮೀರಿಸಬಹುದು, ಇಲ್ಲ ಅಂತಲ್ಲ. ಆದರೆ ಕ್ರಮ ಅದೇ. ಮಕ್ಕಳ ಪೌರತ್ವ ತುರುಪಿನೆಲೆ ಅಲ್ಲ, ಆದರೂ ಬಹಳ ಮುಖ್ಯ. ಅಮ್ಮನ ತಪ್ಪಿಗೆ ಮಕ್ಕಳನ್ನು ಹೊಣೆ ಮಾಡುವಂತಿಲ್ಲ. ಮತ್ತೆ, ಮಾತಾಡಬಲ್ಲ, ಮಾತಾಡಬೇಕು ಅನ್ನುವ ಮಗುವಿನ ಮಾತನ್ನು ನೇರವಾಗಿ ಕೇಳೋಕೆ ತೀರ್ಮಾನ ಮಾಡುವವರು ತಯಾರಿರಬೇಕು.

ಬಹಳ ಚೆನ್ನಾಗಿದೆ. ಆದರೆ ಒಂದು ಸಂಗತಿ ಮರೀಬಾರದು. ಈ ಪ್ರಕರಣದಲ್ಲಿ ಅಮ್ಮನನ್ನು ಕಳಿಸೋದು ಸರಿಯಾಗಲ್ಲ ಅಂತ ಸುಪ್ರೀಂ ಕೋರ್ಟಿನಲ್ಲಿ ಸರ್ಕಾರವೇ ಒಪ್ಪಿಕೊಂಡುಬಿಟ್ಟಿತ್ತು. ಅಂದರೆ ಈ ಕ್ಷೇತ್ರದ ಅತಿ ದೊಡ್ಡ ತತ್ವ ಹುಟ್ಟಿದ್ದು ಎದುರಾಳಿ ಕೈಚೆಲ್ಲಿದ ಮೊಕದ್ದಮೆಯಲ್ಲಿ, ಬ್ರಿಟಿಷ್ ಪಾಸ್‌ಪೋರ್ಟಿಗೆ ಹಕ್ಕಿರುವ ಮಕ್ಕಳ ವಿಷಯದಲ್ಲಿ. ತತ್ವಕ್ಕೆ ನಿಜವಾದ ಪರೀಕ್ಷೆ ಬರೋದು ಪೌರತ್ವ ಇಲ್ಲದ ಮಗು ಮುಂದೆ ನಿಂತಾಗ.

ಅದು 2013ರಲ್ಲಿ ಬಂತು. ಕಾಂಗೋ ಗಣರಾಜ್ಯದ ಗಂಡ ಹೆಂಡತಿ, ಬ್ರಿಟನ್ನಿನಲ್ಲಿ ಹುಟ್ಟಿದ ಚಿಕ್ಕ ಮಕ್ಕಳು, ಸ್ಕಾಟ್ಲೆಂಡಿನಿಂದ ಬಂದ ಮೇಲ್ಮನವಿ. ಮಕ್ಕಳಿಗೆ ಬ್ರಿಟಿಷ್ ಪೌರತ್ವ ಇಲ್ಲ. 1983ರಿಂದ ಬ್ರಿಟನ್ನಿನಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ಬ್ರಿಟಿಷರಾಗಲ್ಲ, ಅಪ್ಪ ಅಮ್ಮರಲ್ಲಿ ಒಬ್ಬರಾದರೂ ಪೌರರೋ ಕಾಯಂ ನಿವಾಸಿಯೋ ಆಗಿರಬೇಕು. ಲಾರ್ಡ್ ಹಾಡ್ಜ್ ಬರೆದ ಈ ತೀರ್ಪಿನಲ್ಲಿ ಏಳು ಸೂತ್ರಗಳಿವೆ, ಈಗಲೂ ಪ್ರತಿ ವಕೀಲರೂ ಅವನ್ನು ಉದ್ಧರಿಸುತ್ತಾರೆ. ಮಗುವಿನ ಹಿತಕ್ಕಿಂತ ತಾನಾಗಿಯೇ ಹೆಚ್ಚು ತೂಕದ್ದು ಅಂತ ಬೇರೆ ಯಾವುದನ್ನೂ ಇಟ್ಟುಕೊಳ್ಳುವಂತಿಲ್ಲ. ಹಿತ ಯಾವುದು ಅಂತ ಸ್ಪಷ್ಟವಾದ ಮೇಲೇ ಅದನ್ನು ಮೀರಿಸುವ ಪ್ರಶ್ನೆ. ತನ್ನದಲ್ಲದ ತಪ್ಪಿಗೆ ಮಗುವನ್ನು ದೂಷಿಸಬಾರದು. ಒಂದೊಂದೂ ಫ್ರೇಮ್ ಹಾಕಿಸಿ ಗೋಡೆಗೆ ತೂಗು ಹಾಕುವ ಹಾಗಿವೆ.

ಆಮೇಲೆ ಕುಟುಂಬ ಸೋತಿತು.

ಸೋತದ್ದಕ್ಕೆ ನನ್ನ ತಕರಾರಿಲ್ಲ, ಸೋತ ರೀತಿಗೆ ಇದೆ. ತೀರ್ಪಿನ 24ನೇ ಪ್ಯಾರಾ ನೋಡಿ. ಉಳಿದದ್ದೆಲ್ಲ ಸಮವಾಗಿದ್ದರೆ, ಒಳ್ಳೆಯ ಶಾಲೆ, ಒಳ್ಳೆಯ ಆಸ್ಪತ್ರೆ ಸಿಗುವ ಬ್ರಿಟನ್ನಿನಲ್ಲಿ ಅಪ್ಪ ಅಮ್ಮನ ಜೊತೆ ಉಳಿಯೋದೇ ಮಕ್ಕಳ ಹಿತ ಅಂತ ಹೇಳಬಹುದಿತ್ತು ಅನ್ನುತ್ತಾರೆ ಲಾರ್ಡ್ ಹಾಡ್ಜ್. ಆದರೆ ಉಳಿದದ್ದು ಸಮವಾಗಿರಲಿಲ್ಲ. ಮಕ್ಕಳು ಬ್ರಿಟಿಷ್ ಪೌರರಲ್ಲ, ಮುಂದಿನ ಓದು ಆರೋಗ್ಯಗಳಿಗೆ ಈ ದೇಶದಲ್ಲಿ ಅವರಿಗೆ ಹಕ್ಕಿಲ್ಲ, ವಿದ್ಯಾವಂತ ಅಪ್ಪ ಅಮ್ಮ ಇರುವ ಅನ್ಯೋನ್ಯ ಕುಟುಂಬ, ಇನ್ನೂ ಅಪ್ಪ ಅಮ್ಮನ ಮಡಿಲೇ ಲೋಕವಾಗಿರುವ ವಯಸ್ಸು. ಹಾಗಾಗಿ ಅವರ ಜೊತೆ ಕಾಂಗೋಗೆ ಹೋಗೋದೇ ಹಿತ ಅನ್ನುವ ತೀರ್ಮಾನದಲ್ಲಿ ತಪ್ಪಿಲ್ಲ.

ಸ್ವಲ್ಪ ನಿಧಾನವಾಗಿ ಓದಿ. ಪೌರತ್ವ ಇಲ್ಲ, ಹಕ್ಕಿಲ್ಲ ಅನ್ನೋದು ಯಾವ ತಟ್ಟೆಯ ತೂಕ? ಅದು ರಾಜ್ಯದ ಕಡೆಯ ಮಾತು. ನಮ್ಮ ಗಡಿ, ನಮ್ಮ ಖಜಾನೆ, ನಮ್ಮ ನಿಯಮ. ತಕ್ಕಡಿಯ ಎದುರು ತಟ್ಟೆಯಲ್ಲಿ ಇರಬೇಕಾದ್ದು. ಆದರೆ ಇಲ್ಲಿ ಮಗುವಿನ ಹಿತ ಯಾವುದು ಅನ್ನೋ ಮೊದಲ ಪ್ರಶ್ನೆಗೆ ಉತ್ತರ ಕೊಡುವಾಗಲೇ ಅದನ್ನು ಮಗುವಿನ ತಟ್ಟೆಯಿಂದ ಕಳೆದುಬಿಟ್ಟಿದ್ದಾರೆ. ಹಕ್ಕಿಲ್ಲದ ಶಾಲೆ ನಿನಗೆ ಹಿತವೇ ಅಲ್ಲ! ಸಂತೆಯಲ್ಲಿ ತೂಕ ಮಾಡುವವನು ಬಟ್ಟು ಇಡೋಕೆ ಮೊದಲೇ ಚೀಲದಿಂದ ಎರಡು ಮುಷ್ಟಿ ತೆಗೆದಿಟ್ಟು, ಆಮೇಲೆ ಅತ್ಯಂತ ಪ್ರಾಮಾಣಿಕವಾಗಿ ಮುಳ್ಳು ನೋಡಿದ ಹಾಗೆ. ಒಳ್ಳೆಯ ಶಾಲೆ ಮಗುವಿಗೆ ಒಳ್ಳೆಯದೇ, ಹಕ್ಕಿರಲಿ ಬಿಡಲಿ. ಹಕ್ಕಿಲ್ಲದ ಕಾರಣಕ್ಕೆ ಅದನ್ನು ಕೊಡಲ್ಲ ಅನ್ನೋದು ಬೇರೆ ಮಾತು, ಎರಡನೇ ಹೆಜ್ಜೆಯ ಮಾತು.

ಅದೇ ರೀತಿ ಇನ್ನೊಂದು ಜಾರು. ಅಪ್ಪ ಅಮ್ಮನ ಜೊತೆ ಇರೋದು ಮಗುವಿನ ಹಿತ, ಇದನ್ನು ಯಾರೂ ಅಲ್ಲಗಳೆಯಲ್ಲ. ಆದರೆ ಅಪ್ಪ ಅಮ್ಮ ಹೋಗಬೇಕಾ ಅನ್ನೋದೇ ಅಲ್ಲಿ ತೀರ್ಮಾನ ಆಗಬೇಕಾದ ಪ್ರಶ್ನೆ. ಅವರು ಹೋಗ್ತಾರೆ ಅಂತ ಮೊದಲೇ ಹಿಡಿದುಕೊಂಡು, ಹಾಗಾಗಿ ಮಗು ಹೋಗೋದೇ ಹಿತ ಅಂದು, ಹಿತಕ್ಕೆ ಧಕ್ಕೆ ಇಲ್ಲವಾದ್ದರಿಂದ ಅಪ್ಪ ಅಮ್ಮ ಹೋಗಬಹುದು ಅಂತ ಮುಗಿಸಿದರೆ, ಗಾಣದ ಎತ್ತು ಹೊರಟಲ್ಲಿಗೇ ಬಂದು ನಿಂತಿರುತ್ತೆ.

2014ರಲ್ಲಿ ಮೇಲ್ಮನವಿ ನ್ಯಾಯಾಲಯ ಇದಕ್ಕೊಂದು ಹೆಸರು ಕೊಟ್ಟಿತು: ವಾಸ್ತವ ಲೋಕ. ಫಿಲಿಪೀನ್ಸಿನ ಕುಟುಂಬವೊಂದರ ಪ್ರಕರಣ, ಇ ವಿ (ಫಿಲಿಪೀನ್ಸ್) ಅಂತ ದಾಖಲಾಗಿದೆ. ನ್ಯಾಯಮೂರ್ತಿ ಲೂಯಿಸನ್ ಹೇಳಿದ್ದರ ಸಾರ: ಅಪ್ಪನಿಗೂ ಅಮ್ಮನಿಗೂ ಇಲ್ಲಿ ಇರುವ ಹಕ್ಕು ಇಲ್ಲ ಅಂದ್ರೆ, ಅದೇ ವಾಸ್ತವ, ಆ ಹಿನ್ನೆಲೆಯಲ್ಲಿ ಮಗು ಅವರ ಜೊತೆ ಹೋಗಲಿ ಅಂತ ನಿರೀಕ್ಷಿಸೋದು ಸಮಂಜಸವೇ ಅಂತ ಕೇಳಬೇಕು. ಅದೇ ವರ್ಷ ಪಾರ್ಲಿಮೆಂಟು ಕಾನೂನಿಗೆ ಹೊಸ ಕಲಮು ಸೇರಿಸಿತು, 117ಬಿ. ಅದರ ಆರನೇ ಉಪಕಲಮಿನಂತೆ, ಬ್ರಿಟಿಷ್ ಪೌರತ್ವ ಇರುವ, ಅಥವಾ ಸತತ 7 ವರ್ಷ ಅಲ್ಲಿ ಬದುಕಿದ ಮಗು ದೇಶ ಬಿಡಲಿ ಅಂತ ನಿರೀಕ್ಷಿಸುವುದು ಸಮಂಜಸವಲ್ಲ ಅಂತಾದರೆ, ಆ ಮಗುವನ್ನು ನಿಜವಾಗಿ ಸಾಕುತ್ತಿರುವ ತಂದೆ ಅಥವಾ ತಾಯಿಯನ್ನು ಕಳಿಸುವಂತಿಲ್ಲ. ಗಂಭೀರ ಅಪರಾಧಕ್ಕಾಗಿ ಗಡೀಪಾರಾಗುವವರಿಗೆ ಬೇರೆ ಅಳತೆ, ಆ ದಾರಿಗೆ ನಾನು ಇಲ್ಲಿ ಹೋಗಲ್ಲ.

'ಸಮಂಜಸ' ಅಂದರೆ ಯಾರ ಕಣ್ಣಿಗೆ? ಅಪ್ಪ ಅಮ್ಮ ವೀಸಾ ಮುಗಿದ ಮೇಲೂ ಕದ್ದು ಕೂತಿದ್ದರು ಅನ್ನೋದನ್ನು ಇದರಲ್ಲಿ ಸೇರಿಸಬಹುದಾ? ಕೆಳಗಿನ ಕೋರ್ಟುಗಳು ಒಂದಕ್ಕೊಂದು ಒಪ್ಪದೆ ವರ್ಷಗಟ್ಟಲೆ ಜಗ್ಗಾಡಿದವು. 2018ರ ಅಕ್ಟೋಬರ್‌ನಲ್ಲಿ ಕೆ ಒ (ನೈಜೀರಿಯಾ) ಮತ್ತು ಜೊತೆಯ ಪ್ರಕರಣಗಳಲ್ಲಿ ಲಾರ್ಡ್ ಕಾರ್ನ್‌ವಾತ್ ಕೊನೆಗೆ ಹೇಳಿದರು: ಇಲ್ಲ, ಅಪ್ಪ ಅಮ್ಮನ ನಡತೆಯನ್ನು ನೇರವಾಗಿ ತೂಗುವಂತಿಲ್ಲ, ಕಲಮು ಮಗುವನ್ನು ನೋಡುತ್ತದೆ. ಮಕ್ಕಳ ಪರ ಇದ್ದವರಿಗೆ ಖುಷಿಯಾಗಿರಬೇಕು. ಮುಂದಿನ ಪ್ಯಾರಾಗಳ ತನಕ. ನೇರವಾಗಿ ಇಲ್ಲ, ಆದರೆ ಮಗು ಎಲ್ಲಿರುತ್ತೆ ಅಂತ ನೋಡುವಾಗ ಅಪ್ಪ ಅಮ್ಮ ಎಲ್ಲಿರಬೇಕು ಅಂತ ನೋಡಲೇಬೇಕು. ಅವರಿಗೆ ಹಕ್ಕಿಲ್ಲ ಅಂದರೆ ಅವರು ಹೋಗಬೇಕು. ಆ ಮಟ್ಟಿಗೆ ಅವರ ಚರಿತ್ರೆ ಪರೋಕ್ಷವಾಗಿ ಒಳಗೆ ಬರುತ್ತದೆ. ಜೊತೆಗಿದ್ದ ಶ್ರೀಲಂಕಾದ ಕುಟುಂಬದ ಮೇಲ್ಮನವಿ ವಜಾ ಆಯ್ತು.

ಮುಂಬಾಗಿಲಲ್ಲಿ 'ಪ್ರವೇಶವಿಲ್ಲ' ಬೋರ್ಡು, ಹಿತ್ತಿಲ ಬಾಗಿಲು ಹಾರು ಹೊಡೆದಿದೆ. ಲಾರ್ಡ್ ಕಾರ್ನ್‌ವಾತ್ ಅವರ ತರ್ಕದಲ್ಲಿ ಬಿರುಕಿಲ್ಲ ಅಂತ ಕಾನೂನು ಬಲ್ಲವರು ಹೇಳಬಹುದು, ಇರಬಹುದು. ನನ್ನ ಪ್ರಶ್ನೆ 'ವಾಸ್ತವ' ಅನ್ನೋ ಪದದ ಬಗ್ಗೆ. ಹವಾಮಾನದ ಹಾಗೆ ತಾನಾಗಿ ಆಗಿರೋದು ವಾಸ್ತವ. ಅಪ್ಪ ಅಮ್ಮನಿಗೆ ಹಕ್ಕಿಲ್ಲ ಅನ್ನೋದು ಹಾಗಲ್ಲ, ಅದೊಂದು ಸರ್ಕಾರಿ ತೀರ್ಮಾನ. ಆ ತೀರ್ಮಾನದ ಮೇಲೇ ಮೇಲ್ಮನವಿ ಬಂದಿರೋದು. ಆ ಮಗು ಏಳು ವರ್ಷದಿಂದ ಹೋಗ್ತಿರುವ ಶಾಲೆ, ಅದರ ಬೆಂಚು, ಅದರ ಟೀಚರ್ ಇವೆಲ್ಲ ಕಣ್ಣಿಗೆ ಕಾಣುವ, ಕೈಗೆ ಸಿಗುವ ಸಂಗತಿಗಳು. ಅವು ವಾಸ್ತವ ಲೋಕದಿಂದ ಹೊರಗೆ, ಕಡತದಲ್ಲಿರುವ ಒಂದು 'ಇಲ್ಲ' ಮಾತ್ರ ಒಳಗೆ.

ಈ 7 ವರ್ಷದ ಲೆಕ್ಕದ ಬಗ್ಗೆ ಒಂದು ಮಾತು. 2008ರಲ್ಲಿ ತೆಗೆದದ್ದು 2012ರ ನಿಯಮಗಳಲ್ಲಿ ಬೇರೆ ರೂಪದಲ್ಲಿ ವಾಪಸ್ ಬಂತು, ಆಮೇಲೆ 117ಬಿ ಗೂ ಬಂತು. ಆದರೆ ಏಳೂ ವರ್ಷ ಒಂದೇ ತೂಕದ್ದಲ್ಲ. 2013ರಲ್ಲಿ ಮೇಲಿನ ಟ್ರಿಬ್ಯೂನಲ್ ಹೇಳಿದ ಪ್ರಕಾರ ಹುಟ್ಟಿದ ಮೊದಲ ಏಳು ವರ್ಷಕ್ಕಿಂತ ನಾಲ್ಕನೇ ವಯಸ್ಸಿನಿಂದ ಆಚೆಗಿನ ಏಳು ವರ್ಷ ಹೆಚ್ಚು ಮುಖ್ಯ ಆಗಿರಬಹುದು. ಎಳೆ ಮಕ್ಕಳು ಗೆಳೆಯರಿಗಿಂತ ಅಪ್ಪ ಅಮ್ಮನತ್ತ ನೆಟ್ಟಿರುತ್ತಾರೆ, ಬೇಗ ಹೊಂದಿಕೊಳ್ಳುತ್ತಾರೆ. ಮನೆಯಲ್ಲಿ ಮಕ್ಕಳಿರೋ ಯಾರಾದರೂ ಹೌದು ಅಂತಾರೆ. ತೊಂದರೆ ಏನಪ್ಪಾ ಅಂದ್ರೆ, 'ಇರಬಹುದು' ಅಂತ ಹೇಳಿದ್ದು ಉದ್ಧರಣೆಯಾಗಿ ತೀರ್ಪಿನಿಂದ ತೀರ್ಪಿಗೆ ಹೋಗ್ತಾ ಹೋಗ್ತಾ 'ಇರುತ್ತದೆ' ಆಗಿಬಿಡುತ್ತೆ. ಆಗ ಎದುರಿಗಿರುವ ಮಗುವನ್ನು ನೋಡುವ ಕೆಲಸ ಉಳಿಯಲ್ಲ. ಆರು ವರ್ಷದವಳು, ಹಾಗಾಗಿ ಹೊಂದಿಕೊಳ್ಳುತ್ತಾಳೆ. ಸಾಲು ಮುಗೀತು.

ಇಲ್ಲಿ ಕರ್ನಾಟಕದ ಓದುಗರಿಗೆ ತಟ್ಟುವ ವಿಷಯ ಒಂದಿದೆ: ಭಾಷೆ. ಮಗು ಆ ದೇಶದ ಭಾಷೆ ಆಡುತ್ತಾ, ಅಲ್ಲಿನ ಸಂಸ್ಕೃತಿ ಗೊತ್ತಾ, ಅಜ್ಜ ಅಜ್ಜಿ ಇದ್ದಾರಾ ಅಂತ ಇಂಥ ಪ್ರಕರಣಗಳಲ್ಲಿ ನೋಡುತ್ತಾರೆ. ಸುಮ್ಮನೆ ಒಂದು ಊಹೆ ಮಾಡಿಕೊಳ್ಳಿ. ಲೆಸ್ಟರ್‌ನಲ್ಲಿ ಹುಟ್ಟಿ ಬೆಳೆದ ಎಂಟು ವರ್ಷದ ಹುಡುಗಿ, ಅಪ್ಪ ಅಮ್ಮ ಹಾಸನದ ಕಡೆಯವರು. ವಿಡಿಯೋ ಕಾಲ್‌ನಲ್ಲಿ ಅಜ್ಜಿ 'ಊಟ ಆಯ್ತಾ ಪುಟ್ಟಾ' ಅಂದ್ರೆ 'ಆಯ್ತಜ್ಜಿ' ಅಂತಾಳೆ. ಟ್ರಿಬ್ಯೂನಲ್ಲಿನ ಕಡತದಲ್ಲಿ ಇದು 'ಕುಟುಂಬದ ಭಾಷೆ ಬಲ್ಲಳು' ಆಗಬಹುದು. ಭಾರತದಲ್ಲಿ ಇಂಗ್ಲಿಷ್ ಶಾಲೆಗಳಿವೆ, ಸರಿಹೋಯ್ತು ಅಂತ ಇನ್ನೊಂದು ಸಾಲು ಸೇರಬಹುದು. ಯಾವ ಶಾಲೆ, ಎಷ್ಟು ಫೀಸು, ತಾಲ್ಲೂಕಿನಲ್ಲಿ ಎಷ್ಟು ಸಿಗುತ್ತವೆ? 2015ರ ಕನ್ನಡ ಕಲಿಕೆ ಕಾಯ್ದೆಯ ಪ್ರಕಾರ ಯಾವ ಶಾಲೆಯಾದರೂ ಕನ್ನಡ ಒಂದು ಪಾಠವಾಗಿ ಇರುತ್ತೆ. ನನಗೆ ಅದು ಸರಿಯಾದ ಕಾಯ್ದೆಯೇ. ಆದರೆ 'ಊಟ ಆಯ್ತಾ'ದಿಂದ ಒತ್ತಕ್ಷರದ ತನಕ ಎಷ್ಟು ದೂರ ಅಂತ ಕಲಿಸಿದವರಿಗೆ ಗೊತ್ತು. ಆ ದೂರವನ್ನು ದಾಟೋಕೆ ಆಗಲ್ಲ ಅಂತ ನಾನು ಹೇಳ್ತಿಲ್ಲ. ಮಕ್ಕಳು ದಾಟುತ್ತಾರೆ. ದೂರ ಇದೆ ಅಂತ ತೀರ್ಪಿನಲ್ಲಿ ಒಂದು ಸಾಲು ಬರೀಬೇಕು ಅಷ್ಟೇ.

ಆ ಸಾಲು ಬರಬೇಕಾದ್ರೆ ಯಾರಾದರೂ ಅದನ್ನು ಕೋರ್ಟಿನ ಮುಂದೆ ಇಡಬೇಕಲ್ಲ. ಶಾಲೆಯ ಪತ್ರ, ವೈದ್ಯರ ವರದಿ, ಸ್ವತಂತ್ರ ಸಮಾಜ ಕಾರ್ಯಕರ್ತರು ಮಗುವಿನ ಜೊತೆ ಕೂತು ಮಾತಾಡಿ ಬರೆದ ವರದಿ. ಕೊನೆಯದಕ್ಕೆ ದುಡ್ಡು ಬೇಕು. 2013ರ ಏಪ್ರಿಲ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆಶ್ರಯ ಕೋರುವವರನ್ನು ಬಿಟ್ಟು ಬಹುತೇಕ ವಲಸೆ ಪ್ರಕರಣಗಳಿಗೆ ಸರ್ಕಾರಿ ಕಾನೂನು ನೆರವು ನಿಂತಿತು. ಹಾಗಾಗಿ ತೀರ್ಪಿನ ಹಾಳೆಯ ಮೇಲೆ ಮಗುವಿಗೆ ಎಷ್ಟು ಸಾಲು ಸಿಗುತ್ತೆ ಅನ್ನೋದು ಅಪ್ಪನ ಜೇಬಿನ ಮೇಲೆ ನಿಂತಿದೆ. ಆ ಅಪ್ಪನಿಗೋ ಕೆಲಸ ಮಾಡುವ ಅನುಮತಿಯೇ ಅನೇಕ ಸಲ ಇರಲ್ಲ. ಮಗುವಿನ ಮಾತನ್ನು ನೇರವಾಗಿ ಕೇಳಿ ಅಂತ ಲೇಡಿ ಹೇಲ್ ಹೇಳಿದ್ದು ಏನಾಯ್ತು ಅಂತ ಹುಡುಕ್ತಾ ಓದಿದೆ. ನಾನು ಓದಿದ ತೀರ್ಪುಗಳಲ್ಲಿ ಮಗುವಿನದೇ ಮಾತು ಅಪರೂಪ. ಟೀಚರ್ ಹೇಳಿದ್ದು, ಅಮ್ಮ ಹೇಳಿದ್ದು, ಸರ್ಕಾರಿ ವಕೀಲರು ಹೇಳಿದ್ದು, ನ್ಯಾಯಾಧೀಶರು ಊಹಿಸಿದ್ದು ಧಾರಾಳವಾಗಿ ಸಿಗುತ್ತೆ.

ಬೇರೆ ದೇಶಗಳಲ್ಲಿ ಬೇರೆ ತರಹ ಬರೆಯೋಕೆ ಸಾಧ್ಯ ಅಂತ ತೋರಿಸಿದ್ದು ಕೆನಡಾ. 1999ರ ಬೇಕರ್ ತೀರ್ಪು ಈ ವಿಷಯದಲ್ಲಿ ಎಲ್ಲರೂ ಹೆಸರಿಸುವಂಥದ್ದು. ಜಮೈಕಾದಿಂದ ಬಂದು ವರ್ಷಗಟ್ಟಲೆ ಮನೆಗೆಲಸ ಮಾಡಿದ ಹೆಂಗಸು, ಕೆನಡಾದಲ್ಲಿ ಹುಟ್ಟಿದ ನಾಲ್ಕು ಮಕ್ಕಳು. ವಲಸೆ ಅಧಿಕಾರಿ ಬರೆದ ಟಿಪ್ಪಣಿ ಕೋರ್ಟಿನ ಮುಂದೆ ಬಂತು. ಅದರಲ್ಲಿ ಮಕ್ಕಳು ಇದ್ದಾರೆ, ದಪ್ಪಕ್ಷರದಲ್ಲೇ ಇದ್ದಾರೆ. ಅಲ್ಲಿ ನಾಲ್ಕು, ಇಲ್ಲಿ ಇನ್ನೂ ನಾಲ್ಕು ಅಂತ, ಸರ್ಕಾರದ ಖರ್ಚಿನ ಲೆಕ್ಕವಾಗಿ. ನ್ಯಾಯಮೂರ್ತಿ ಲೋರೋ-ದ್ಯುಬೇ ಆ ಟಿಪ್ಪಣಿಯನ್ನು ಒಬ್ಬ ವಿಮರ್ಶಕಿಯ ಹಾಗೆ ಓದಿದರು. ಅದರ ಧಾಟಿಯಲ್ಲೇ ಪಕ್ಷಪಾತ ಇದೆ ಅಂದರು. ಮಕ್ಕಳ ವಿಷಯದಲ್ಲಿ ಅಧಿಕಾರಿ ಎಚ್ಚರವಾಗಿ, ಜೀವಂತವಾಗಿ, ಸೂಕ್ಷ್ಮವಾಗಿ ಇರಬೇಕು ಅಂತ ಅಳತೆ ಹಾಕಿಕೊಟ್ಟರು. 2015ರಲ್ಲಿ ಅದೇ ಕೋರ್ಟಿನ ರೋಸಲೀ ಅಬೆಲ್ಲಾ, ಹದಿಹರೆಯದಲ್ಲಿ ಒಬ್ಬನೇ ಬಂದ ಶ್ರೀಲಂಕಾದ ತಮಿಳು ಹುಡುಗನ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಹೋದರು. ಅರ್ಜಿದಾರನಿಗೆ ಬರುವ ಕಷ್ಟ ಅಸಾಮಾನ್ಯವೇ, ಅವನಿಗೆ ತಕ್ಕದ್ದಲ್ಲದ್ದೇ ಅಂತ ಅಧಿಕಾರಿಗಳು ಅಳೆಯುತ್ತಿದ್ದರು. ಮಕ್ಕಳಿಗೆ 'ತಕ್ಕ ಕಷ್ಟ' ಅಂತ ಇರುವುದೇ ಅಪರೂಪ, ಆ ಅಳತೆ ಮಕ್ಕಳಿಗೆ ಹೊಂದಲ್ಲ ಅಂದರು ಅವರು.

ಅಮೆರಿಕದ ಕಾನೂನು ಇದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿದೆ. ಆ ದೇಶ ಮಕ್ಕಳ ಒಡಂಬಡಿಕೆಯನ್ನು ಅನುಮೋದಿಸಿಯೇ ಇಲ್ಲ. ಗಡೀಪಾರು ರದ್ದಾಗಬೇಕಾದರೆ, ಗ್ರೀನ್ ಕಾರ್ಡ್ ಇಲ್ಲದ ಅಪ್ಪನೋ ಅಮ್ಮನೋ 10 ವರ್ಷ ಅಲ್ಲಿದ್ದಿರಬೇಕು, ಜೊತೆಗೆ ತಾವು ಹೋದರೆ ಪೌರತ್ವವೋ ಗ್ರೀನ್ ಕಾರ್ಡೋ ಇರುವ ಮಗುವಿಗೆ ಅಥವಾ ಅಂಥ ಹತ್ತಿರದವರಿಗೆ ಅಸಾಧಾರಣವಾದ, ಅತ್ಯಂತ ವಿರಳವಾದ ಕಷ್ಟ ಆಗುತ್ತೆ ಅಂತ ತೋರಿಸಬೇಕು. ಅಪ್ಪ ಗಡೀಪಾರಾದಾಗ ಎಲ್ಲ ಮಕ್ಕಳೂ ಪಡುವ ಸಾಧಾರಣ ಕಷ್ಟ ಲೆಕ್ಕಕ್ಕಿಲ್ಲ. ಎಲ್ಲರಿಗೂ ಆಗುವಂಥದ್ದು, ಹಾಗಾಗಿ ಅದು ಕಷ್ಟವೇ ಅಲ್ಲ! ಇಷ್ಟೆಲ್ಲ ದಾಟಿದರೂ ವರ್ಷಕ್ಕೆ 4,000ದ ಮಿತಿ. ಕ್ರೂರ ಅನ್ನಿಸುತ್ತೆ. ಆದರೂ ಒಂದು ವಿಚಿತ್ರ ಮಾತು ಹೇಳಬೇಕು: ಇಲ್ಲಿ ಯಾರೂ ಮಗುವಿಗೆ ಇದೇ ಹಿತ ಅಂತ ಹೇಳೋಕೆ ಹೋಗಲ್ಲ. ನಿನಗೆ ನೋವಾಗುತ್ತೆ, ಸಾಕಷ್ಟು ನೋವಲ್ಲ ಅಂತಾರೆ, ಅಷ್ಟೇ.

ಅದಕ್ಕೇ ನನ್ನ ಜಗಳ ಬ್ರಿಟನ್ನಿನ ತೀರ್ಪುಗಳ ಜೊತೆ ಹೆಚ್ಚು. ದೇಶಕ್ಕೆ ಗಡಿ ಇರುತ್ತೆ, ನಿಯಮ ಇರುತ್ತೆ. ಸುಳ್ಳು ಹೇಳಿ ಉಳಿದವರಿಗೂ ಸಾಲಿನಲ್ಲಿ ನಿಂತವರಿಗೂ ವ್ಯತ್ಯಾಸ ಇರಬೇಕು ಅಂತ ಸಾಲಿನಲ್ಲಿ ನಿಂತವರು ಕೇಳ್ತಾರೆ, ಕೇಳೋದು ನ್ಯಾಯವೇ. ಮಕ್ಕಳಿರುವ ಎಲ್ಲರೂ ಗೆಲ್ಲಬೇಕು ಅಂತ ನಾನು ವಾದಿಸಲ್ಲ. ಆದರೆ ಸೋಲಿಸುವಾಗ ಹೀಗೆ ಬರೆಯಿರಿ: ಇಲ್ಲಿ ಉಳಿಯೋದು ಈ ಹುಡುಗಿಯ ಹಿತ; ಇಂಥಿಂಥದ್ದನ್ನು ಅವಳು ಕಳೆದುಕೊಳ್ಳುತ್ತಾಳೆ; ಅದು ಗೊತ್ತಿದ್ದೂ ಈ ಕಾರಣಗಳಿಗಾಗಿ ಕಳಿಸುತ್ತಿದ್ದೇವೆ. ಹೀಗೆ ಬರೆಯೋದು ಕಷ್ಟ, ಯಾಕಂದ್ರೆ ಕೈ ನಡುಗುತ್ತೆ. ನಡುಗಿದ ಕೈ ಕಾರಣಗಳನ್ನು ಇನ್ನೊಂದು ಸಲ ನೋಡುತ್ತೆ. ಮಗು ಹೋಗೋದೇ ಅದರ ಹಿತ ಅಂತ ಮೊದಲೇ ಬರೆದುಕೊಂಡರೆ ಕೈ ನಡುಗುವ ಪ್ರಸಂಗವೇ ಬರಲ್ಲ.

ಕಾನೂನಿನ ಇನ್ನೊಂದು ಮೂಲೆಯಲ್ಲಿ ಭಾರತೀಯ ಮಕ್ಕಳದೇ ಒಂದು ಉದಾಹರಣೆ ಸಿಗುತ್ತೆ. 2004ರ ಕೊನೆಯಿಂದ, ಹೊರದೇಶದಲ್ಲಿ ಹುಟ್ಟಿದ ಭಾರತೀಯರ ಮಗು ತಾನಾಗಿ ಭಾರತೀಯ ಆಗಲ್ಲ. ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಬೇಕು, ತಡವಾದರೆ ಕೇಂದ್ರದ ಅನುಮತಿ ಬೇಕು. ಕಾಗದ ಸರಿಯಿಲ್ಲದ ಅಪ್ಪ ಅಮ್ಮ ನೋಂದಾಯಿಸಲಿಲ್ಲ ಅನ್ನಿ. ಆಗ ಮಗು ಭಾರತೀಯನೂ ಅಲ್ಲ, ಬ್ರಿಟಿಷನೂ ಅಲ್ಲ. 2017ರಲ್ಲಿ ಲಂಡನ್ನಿನ ಹೈಕೋರ್ಟು ಇಂಥ ಒಂದು ಮಗುವನ್ನು ದೇಶರಹಿತ ಅಂತ ಪರಿಗಣಿಸಬೇಕು ಅಂತು. ಬ್ರಿಟನ್ನಿನಲ್ಲಿ ಹುಟ್ಟಿ ಐದು ವರ್ಷ ಅಲ್ಲೇ ಇದ್ದ ದೇಶರಹಿತ ಮಗುವಿಗೆ ಬ್ರಿಟಿಷ್ ಪೌರತ್ವದ ದಾರಿ ಇತ್ತು. 2022ರ ಕಾಯ್ದೆ ಆ ದಾರಿಗೆ ಗೇಟು ಹಾಕಿತು: ಅಪ್ಪ ಅಮ್ಮ ಪ್ರಯತ್ನಿಸಿದ್ದರೆ ಬೇರೆ ದೇಶದ ಪೌರತ್ವ ಸಮಂಜಸವಾಗಿ ಸಿಗುತ್ತಿತ್ತು ಅಂತಾದರೆ ಮಗುವಿಗೆ ಇಲ್ಲಿನದು ಇಲ್ಲ. ಅವರು ಬೇಕಂತಲೇ ನೋಂದಾಯಿಸದೆ ಆಟ ಆಡುತ್ತಾರೆ ಅನ್ನೋದು ಸರ್ಕಾರದ ವಾದ. ಆಡಿದವರೂ ಇರಬಹುದು. ಆಟದಲ್ಲಿ ಐದು ವರ್ಷದ ಮಗುವಿನ ಪಾತ್ರ ಏನಿತ್ತು ಅಂತ ಕಾಯ್ದೆ ಕೇಳಲ್ಲ.

ಇಷ್ಟರ ಮಧ್ಯೆ, ಬ್ರಿಟನ್ನಿನಲ್ಲಿ ಹುಟ್ಟಿ ಮೊದಲ 10 ವರ್ಷ ಅಲ್ಲೇ ಬೆಳೆದ ಮಗುವಿಗೆ ಅಪ್ಪ ಅಮ್ಮ ಯಾರೇ ಆಗಿರಲಿ, ಪೌರತ್ವ ಪಡೆಯುವ ಸ್ವಂತ ಹಕ್ಕಿದೆ, 1981ರ ಕಾಯ್ದೆಯಿಂದ. ಸಮಂಜಸತೆಯ ತೂಕ ಇಲ್ಲ, ಆದರೆ ಅರ್ಜಿ ಹಾಕಬೇಕು. ಅರ್ಜಿಯ ಶುಲ್ಕ 2019ರಲ್ಲಿ 1,012 ಪೌಂಡ್ ಇತ್ತು. ಅದನ್ನು ನೋಡಿ ಮುಗಿಸೋಕೆ ಇಲಾಖೆಗೆ ತಗಲುವ ಖರ್ಚು 372 ಪೌಂಡ್ ಅಂತ ಅವರೇ ಲೆಕ್ಕ ಕೊಟ್ಟಿದ್ದರು. ಶುಲ್ಕ ನಿಗದಿ ಮಾಡುವಾಗ ಮಕ್ಕಳ ಹಿತವನ್ನು ನೋಡಿಯೇ ಇಲ್ಲ ಅಂತ ಹೈಕೋರ್ಟು 2019ರಲ್ಲಿ, ಮೇಲ್ಮನವಿ ನ್ಯಾಯಾಲಯ 2021ರಲ್ಲಿ ಹೇಳಿದವು. ಇಂಥ ಶುಲ್ಕಕ್ಕೆ ಪಾರ್ಲಿಮೆಂಟು ಅಧಿಕಾರ ಕೊಟ್ಟಿದೆ ಅಂತ ಸುಪ್ರೀಂ ಕೋರ್ಟು 2022ರ ಫೆಬ್ರವರಿಯಲ್ಲಿ ಹೇಳಿತು. ಅದೇ ವರ್ಷ ಜೂನ್‌ನಿಂದ, ಕಟ್ಟೋಕೆ ಆಗದ ಮಕ್ಕಳಿಗೆ ಶುಲ್ಕ ಮನ್ನಾ ಇದೆ. ಆಗಲ್ಲ ಅಂತ ತೋರಿಸೋಕೆ ಅಪ್ಪ ಅಮ್ಮನ ಆದಾಯ, ಖರ್ಚು, ಬ್ಯಾಂಕಿನ ಕಾಗದ ಎಲ್ಲ ಅರ್ಜಿಯ ಜೊತೆ ಇಡಬೇಕು.